ಆರ್ಮರ್ ವೇಷದ ಬೆನ್ನಿನ ಪ್ಯಾಕ್: ಅಳತೆ ಎಲ್ಲಿಂದ ತೆಗೆಯೋದು, ಒಳಗೆ ಎಷ್ಟು ಹಿಡಿಸುತ್ತೆ

ಇದು ವಿಡಿಯೋ ಗೇಮ್ ಸೈನಿಕರ ಹಾಗೆ ಹಾಕುವ ಸೈ-ಫೈ ಆರ್ಮರ್ (ಕವಚ) ವೇಷದ ಬೆನ್ನಿಗೆ ಕೂರುವ ಪ್ಯಾಕ್ ಬಗ್ಗೆ ಮಾತ್ರ ಬರೆದ ಟಿಪ್ಪಣಿ. ಎದೆಕವಚ, ಹೆಲ್ಮೆಟ್ ಇವನ್ನೆಲ್ಲ ಫೋಮ್‌ನಲ್ಲಿ ಒಮ್ಮೆಯಾದರೂ ಮಾಡಿದವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಫೋಮ್ ಕತ್ತರಿಸುವುದು, ಹೀಟ್ ಗನ್ ಹಿಡಿಯುವುದು ಇಲ್ಲಿಲ್ಲ. ಅದು ಕೈಗೆ ತಾನಾಗಿ ಹತ್ತುತ್ತದೆ.

ಪ್ಯಾಕ್‌ಗೆ ಎರಡು ಕೆಲಸ. ನೋಡಿದರೆ ಗೇಮ್‌ನಲ್ಲಿ ಇರುವ ಹಾಗೇ ಇರಬೇಕು. ಒಳಗೆ ನೀರು, ಪವರ್ ಬ್ಯಾಂಕ್, ಫೋನು, ರಿಪೇರಿ ಸಾಮಾನು ಹಿಡಿಸಬೇಕು. ಮಂಡ್ಯದಿಂದ ರೈಲು ಹತ್ತಿ ಬೆಂಗಳೂರಿನ ಕಾಮಿಕ್ ಕಾನ್‌ಗೆ (ಕಾಮಿಕ್ಸ್, ಗೇಮ್ ಅಭಿಮಾನಿಗಳು ವೇಷ ಹಾಕಿ ಸೇರುವ ಮೇಳ) ಹೋಗುವವರಿಗೆ ಈ ಎರಡನೇ ಕೆಲಸವೇ ಮುಖ್ಯ. ಆರ್ಮರ್ ಹಾಕಿಕೊಂಡ ಮೇಲೆ ಜೇಬು ಅನ್ನುವುದೇ ಇರುವುದಿಲ್ಲ ಅಲ್ವಾ?

ಏಳು ಅಡಿಯನ್ನು ಮರೆತುಬಿಡಿ

ಗೇಮ್‌ನ ಸೈನಿಕ ಏಳು ಅಡಿ ಎತ್ತರ ಅಂತ ಎಲ್ಲೋ ಓದಿರುತ್ತೇವೆ. ನಾವು ಐದೂವರೆ ಅಡಿ. ಎಲ್ಲವನ್ನೂ ಅದೇ ಲೆಕ್ಕದಲ್ಲಿ ಇಳಿಸಿದರೆ ಸರಿಹೋಗಬೇಕು ಅನ್ನಿಸುತ್ತದೆ. ಹೋಗುವುದಿಲ್ಲ. ಆ ಏಳು ಅಡಿಯಲ್ಲಿ ಬೂಟು, ಹೆಲ್ಮೆಟ್ ಸೇರಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂಥ ಪಾತ್ರಗಳಿಗೆ ಭುಜ ವಿಪರೀತ ಅಗಲ, ತಲೆ ಚಿಕ್ಕದು. ನಮ್ಮ ಮೈ ಹಾಗಿಲ್ಲ. ಎತ್ತರದ ಲೆಕ್ಕದಲ್ಲಿ ಇಳಿಸಿದ ಪ್ಯಾಕ್ ನಮ್ಮ ಭುಜಕ್ಕೆ ಹೋಲಿಸಿದರೆ ದಪ್ಪ ಪೆಟ್ಟಿಗೆಯಾಗಿ ಕಾಣುತ್ತದೆ.

ನೋಡುವವರ ಕಣ್ಣು ಪ್ಯಾಕನ್ನು ಯಾವುದರ ಪಕ್ಕ ಇಟ್ಟು ನೋಡುತ್ತದೆ? ಭುಜದ ಪಕ್ಕ. ಹಾಗಾಗಿ ಭುಜವನ್ನೇ ಅಳತೆಗೋಲು ಮಾಡಿಕೊಳ್ಳಿ. ನನಗೆ ತುಂಬ ಇಷ್ಟವಾದ ಉಪಾಯ ಇದೇ. ಪಾತ್ರದ ಎತ್ತರ ಗೊತ್ತಿರಬೇಕಾದ್ದೇ ಇಲ್ಲ.

ಹಿಂದಿನಿಂದ ತೆಗೆದ ಒಂದು ಚಿತ್ರವನ್ನು ಪ್ರಿಂಟ್ ಹಾಕಿಸಿ, ಸ್ಕೇಲ್ ಇಟ್ಟು ಅಳೆಯಿರಿ. ಭುಜದ ಅಗಲ 10 ಸೆಂ.ಮೀ., ಪ್ಯಾಕ್‌ನ ಅಗಲ 5.5, ಎತ್ತರ 7.5 ಬಂತು ಅಂದುಕೊಳ್ಳೋಣ. ಅಂದರೆ ಪ್ಯಾಕ್‌ನ ಅಗಲ ಭುಜದ 0.55 ಪಾಲು, ಎತ್ತರ 0.75 ಪಾಲು. ಈಗ ನೀವು ಆರ್ಮರ್ ಹಾಕಿಕೊಂಡು ಭುಜ ಅಳೆಸಿಕೊಳ್ಳಿ. ಬರಿಮೈಯ ಅಳತೆ ಬೇಡ. ಅದು 56 ಸೆಂ.ಮೀ. ಇದ್ದರೆ ಪ್ಯಾಕ್‌ನ ಅಗಲ 31, ಎತ್ತರ 42 ಸೆಂ.ಮೀ.

ಆಳಕ್ಕೆ ಪಕ್ಕದಿಂದ ತೆಗೆದ ಚಿತ್ರ ಬೇಕು. ಆದರೆ ಅದರಲ್ಲಿ ಭುಜದ ಅಗಲ ಕಾಣುವುದಿಲ್ಲ. ಎರಡೂ ಚಿತ್ರದಲ್ಲಿ ಕಾಣುವುದು ಪ್ಯಾಕ್‌ನ ಎತ್ತರ. ಅದನ್ನೇ ಕೊಂಡಿ ಮಾಡಿಕೊಳ್ಳಿ. ಪಕ್ಕದ ಚಿತ್ರದಲ್ಲಿ ಎತ್ತರ 9, ಆಳ 3.6 ಇದ್ದರೆ ಆಳವು ಎತ್ತರದ 0.4 ಪಾಲು. 42ರ 0.4 ಪಾಲು ಅಂದರೆ ಸುಮಾರು 17 ಸೆಂ.ಮೀ.

ಇಲ್ಲೊಂದು ಮೋಸ ಇದೆ. ಹಿಂದಿನ ಚಿತ್ರದಲ್ಲಿ ಪ್ಯಾಕ್ ಭುಜಕ್ಕಿಂತ ಕ್ಯಾಮೆರಾಗೆ ಹತ್ತಿರ ಇರುತ್ತದೆ. ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ಭುಜದಿಂದ 2 ಮೀಟರ್ ದೂರ ಇದ್ದು, ಪ್ಯಾಕ್‌ನ ಹೊರಮುಖ 25 ಸೆಂ.ಮೀ. ಈಚೆ ಇದ್ದರೆ, 2 ಭಾಗಿಸು 1.75, ಅಂದರೆ 1.14. ಶೇಕಡಾ 14ರಷ್ಟು ಸುಳ್ಳು ಅಳತೆ! ಅದೇ 6 ಮೀಟರ್ ದೂರದಿಂದಾದರೆ 6 ಭಾಗಿಸು 5.75, ಸುಮಾರು 1.04. ಆದ್ದರಿಂದ ಗೇಮ್‌ನಲ್ಲಿ ಫೋಟೋ ಮೋಡ್ (ಆಟ ನಿಲ್ಲಿಸಿ ಕ್ಯಾಮೆರಾ ಸರಿಸಿ ಚಿತ್ರ ತೆಗೆಯುವ ಸೌಲಭ್ಯ) ಇದ್ದರೆ ಕ್ಯಾಮೆರಾವನ್ನು ಆದಷ್ಟು ಹಿಂದೆ ಕೊಂಡೊಯ್ದು, ಜೂಮ್ ಮಾಡಿ ತೆಗೆಯಿರಿ. ಪೋಸ್ಟರ್‌ಗಳನ್ನು ಅಳತೆಗೆ ನಂಬಬೇಡಿ. ಅವು ದೊಡ್ಡದಾಗಿ ಕಾಣಲಿ ಅಂತಲೇ ಬರೆದವು.

ಒಳಗಿನ ಜಾಗ: ನನಗೆ ತಲೆ ತಿಂದ ಭಾಗ

ಮೇಲಿನ ಲೆಕ್ಕದಲ್ಲಿ ಪ್ಯಾಕ್ 42 × 31 × 17 ಸೆಂ.ಮೀ. ಗುಣಿಸಿದರೆ 22,134 ಘನ ಸೆಂ.ಮೀ., ಅಂದರೆ ಸುಮಾರು 22 ಲೀಟರ್. ಕಾಲೇಜು ಬ್ಯಾಗಿನಷ್ಟು. ಇನ್ನೇನು ಬೇಕು ಅನ್ನಿಸುತ್ತದೆ.

ಆದರೆ ಗೋಡೆ 10 ಮಿ.ಮೀ. ದಪ್ಪದ ಫೋಮ್. ಪ್ರತಿ ಅಳತೆಗೂ ಎರಡು ಗೋಡೆ. ಆದ್ದರಿಂದ ಒಳಗೆ ಉಳಿಯುವುದು 40 × 29 × 15, ಅಂದರೆ 17.4 ಲೀಟರ್. ನಾಲ್ಕೂವರೆ ಲೀಟರಿಗೂ ಜಾಸ್ತಿ ಬರೀ ಗೋಡೆಗೇ ಹೋಯಿತು.

ಇಷ್ಟು ಸುಲಭ. ಮುಂದಿನದು ನನಗೆ ಬಹಳ ಹೊತ್ತು ಒಗ್ಗಲಿಲ್ಲ, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ. ಭುಜ ಸಣ್ಣ ಇರುವ ಗೆಳೆಯನೊಬ್ಬ ಇದೇ ಪ್ಯಾಕನ್ನು ಶೇಕಡಾ 20ರಷ್ಟು ಚಿಕ್ಕದು ಮಾಡಿಕೊಳ್ಳಬೇಕು ಅಂದುಕೊಳ್ಳಿ. ಒಳಗಿನ ಜಾಗವೂ ಶೇಕಡಾ 20ರಷ್ಟು ಕಮ್ಮಿ ಆಗುತ್ತದೆ ಅಂತ ಮನಸ್ಸು ಹೇಳುತ್ತದೆ. 17 ಲೀಟರ್ ಹೋಗಿ 14 ಆಗುತ್ತೆ, ಸಾಕು ಬಿಡಿ ಅಂತ. ನಿಜ ಏನು?

ಎತ್ತರ 0.8 ಪಾಲು ಆಗುತ್ತದೆ. ಅಗಲವೂ 0.8. ಆಳವೂ 0.8. ಈ ಮೂರೂ ಒಂದರ ಮೇಲೊಂದು ಗುಣಿಸಿಕೊಳ್ಳುತ್ತವೆ. 0.8 × 0.8 = 0.64. ಅದಕ್ಕೆ ಇನ್ನೊಮ್ಮೆ 0.8 ಅಂದರೆ 0.512. ಹೊರಗಿನ ಗಾತ್ರವೇ ಅರ್ಧಕ್ಕೆ ಬಂತು: 33.6 × 24.8 × 13.6, ಅಂದರೆ 11.3 ಲೀಟರ್.

ಇನ್ನೂ ಮುಗಿದಿಲ್ಲ. ಪ್ಯಾಕ್ ಚಿಕ್ಕದಾಯಿತು, ಆದರೆ ಫೋಮ್ ಶೀಟ್ ತೆಳ್ಳಗಾಗಲಿಲ್ಲ. ಅದು ಇನ್ನೂ 10 ಮಿ.ಮೀ. ಎಲ್ಲ ಅಳತೆಯಿಂದಲೂ ಮತ್ತೆ ಪೂರಾ 2 ಸೆಂ.ಮೀ. ಕಳೆಯಬೇಕು. ಒಳಗೆ 31.6 × 22.8 × 11.6, ಅಂದರೆ 8.4 ಲೀಟರ್. 17.4ರಿಂದ 8.4ಕ್ಕೆ! ಅರ್ಧಕ್ಕಿಂತಲೂ ಕಮ್ಮಿ. ನೀರಿನ ಬಾಟಲಿಯಾಗಲಿ ಪವರ್ ಬ್ಯಾಂಕ್ ಆಗಲಿ ಶೇಕಡಾ 20 ಕುಗ್ಗುವುದಿಲ್ಲ.

ಇದು ತಲೆಗೆ ಹೋಗಬೇಕಾದರೆ ಲೀಟರನ್ನು ಕಣ್ಣಾರೆ ನೋಡಬೇಕು. ನಮ್ಮ ಕಡೆ ಅದಕ್ಕೆ ಒಳ್ಳೆ ಸಾಧನ ಇದೆ. ಗದ್ದೆಗೆ ಔಷಧಿ ಹೊಡೆಯುವ ಬೆನ್ನಿನ ಕ್ಯಾನು. ಸಾಮಾನ್ಯವಾಗಿ 16 ಲೀಟರಿನದು. 56 ಸೆಂ.ಮೀ. ಭುಜದ ಲೆಕ್ಕದ ಪ್ಯಾಕ್‌ನ ಒಳಜಾಗ ಹೆಚ್ಚುಕಮ್ಮಿ ಅದೇ ಕ್ಯಾನಿನಷ್ಟು. ಗೆಳೆಯನದು ಅರ್ಧ ಕ್ಯಾನು. ದೊಡ್ಡಪ್ಪನ ಕ್ಯಾನನ್ನು ಆರ್ಮರ್ ಮೇಲೆ ಹೊತ್ತು ಕನ್ನಡಿ ಮುಂದೆ ನಿಂತಾಗ ಪ್ಯಾಕ್ ಬೆನ್ನಿನ ಮೇಲೆ ಎಲ್ಲಿ ಕೂರಬೇಕು ಅನ್ನುವುದೂ ಗೊತ್ತಾಗಿಬಿಟ್ಟಿತು. "ಏನ್ಲಾ, ಈ ಅವತಾರದಲ್ಲಿ ಗದ್ದೆಗೆ ಹೊಂಟಾ?" ಅಂತ ಅವರು ಕೇಳಿದ್ದು ಬೇರೆ ಮಾತು.

ಹಾಗಾದರೆ ಚಿಕ್ಕ ಮೈಯವರು ಏನು ಮಾಡಬೇಕು? ಅಗಲ, ಎತ್ತರ ಮುಟ್ಟಬೇಡಿ. ಅವು ಹಿಂದಿನಿಂದ ನೇರ ಕಾಣುತ್ತವೆ, ಗೇಮ್ ಆಡಿದವರು ತಕ್ಷಣ ಹಿಡಿಯುತ್ತಾರೆ. ಆಳವನ್ನು ಸ್ವಲ್ಪ ಕದ್ದುಮುಚ್ಚಿ ಹೆಚ್ಚಿಸಿ. 13.6 ಬದಲು 16 ಮಾಡಿದರೆ ಒಳಗೆ 14 ಸಿಗುತ್ತದೆ, 8.4 ಲೀಟರ್ ಹೋಗಿ 10 ಲೀಟರ್ ಆಗುತ್ತದೆ. ಸಾಮಾನು ಕೂರುವ ಕೆಳಭಾಗದ ಗೋಡೆಗೆ 10 ಬಿಟ್ಟು 5 ಮಿ.ಮೀ. ಫೋಮ್ ಹಾಕಿ, ಒಳಗಿನಿಂದ ತೆಳು ಸನ್‌ಬೋರ್ಡ್ (ಹಗುರವಾದ ಗಟ್ಟಿ ಪ್ಲಾಸ್ಟಿಕ್ ಹಲಗೆ) ಅಂಟಿಸಿದರೂ ಜಾಗ ಉಳಿಯುತ್ತದೆ.

ಕತ್ತರಿಸುವ ಮೊದಲು ಇನ್ನೊಂದು ಸಣ್ಣ ವಿಷಯ. ಅಂಚನ್ನು 45 ಡಿಗ್ರಿ ಓರೆ ಕತ್ತರಿಸಿ ಜೋಡಿಸಿದರೆ ಹೊರಗಿನ ಅಳತೆ ಬರೆದ ಹಾಗೇ ಉಳಿಯುತ್ತದೆ. ಸುಮ್ನೆ ಒಂದರ ಅಂಚಿಗೆ ಇನ್ನೊಂದನ್ನು ನೇರ ಅಂಟಿಸಿದರೆ ಒಂದು ಭಾಗದಿಂದ ಫೋಮ್‌ನ ದಪ್ಪ ಕಳೆಯಬೇಕು. ಮೊದಲು ಇಡೀ ಪ್ಯಾಕನ್ನು ರಟ್ಟಿನಲ್ಲಿ ಮಾಡಿ ನೋಡಿ. ಟಿವಿ, ಫ್ರಿಜ್ ಅಂಗಡಿಗಳಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಕೇಳಿದರೆ ಕೊಡುತ್ತಾರೆ.

ತೂಕ ಯಾವುದರ ಮೇಲೆ?

ಫೋಮ್ ತೂಕವೇ ಅಲ್ಲ. ನಮ್ಮ ಪೆಟ್ಟಿಗೆಯ ಆರು ಮುಖ ಸೇರಿ ಸುಮಾರು 5,100 ಚದರ ಸೆಂ.ಮೀ. 1 ಸೆಂ.ಮೀ. ದಪ್ಪ ಅಂದರೆ 5,100 ಘನ ಸೆಂ.ಮೀ. ನಾವು ಬಳಸುವ ಗಟ್ಟಿ ಇವಿಎ ಫೋಮ್ ಘನ ಮೀಟರಿಗೆ ಸುಮಾರು 100 ಕೆಜಿ ಇರುತ್ತದೆ. ಆ ಲೆಕ್ಕಕ್ಕೆ ಅರ್ಧ ಕೆಜಿ. ಅಂಟು, ಬಣ್ಣ, ಮೇಲಿನ ಅಲಂಕಾರ ಸೇರಿಸಿದರೂ 1 ಕೆಜಿ ಆಸುಪಾಸು. ಭಾರ ಆಗುವುದು ಒಳಗಿನ ಸಾಮಾನು, ಅದರಲ್ಲೂ ನೀರು.

ನೀರು ಎಲ್ಲಿ ಇಡುತ್ತೀರಿ ಅನ್ನುವುದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಬೆನ್ನಿನಿಂದ 4 ಸೆಂ.ಮೀ. ದೂರ ಇರುವ 1 ಲೀಟರ್ ಬಾಟಲಿಗಿಂತ 14 ಸೆಂ.ಮೀ. ದೂರ ಇರುವುದು ನಿಮ್ಮನ್ನು ಹಿಂದಕ್ಕೆ ಜಾಸ್ತಿ ಎಳೆಯುತ್ತದೆ. ಔಷಧಿ ಕ್ಯಾನಿನ ಒಳಮೈ ಬೆನ್ನಿಗೆ ಅಪ್ಪಿಕೊಳ್ಳುವ ಹಾಗೆ ಬಗ್ಗಿರುವುದೂ ಇದಕ್ಕೇ. ಭಾರದ್ದೆಲ್ಲ ಬೆನ್ನಿಗೆ ಒತ್ತಿದಂತೆ ಇರಲಿ. ಹೊರಗಿನ ಗೋಡೆ ಕಡೆ ಬಟ್ಟೆ, ಟಿಶ್ಯೂ, ತಿಂಡಿ ಪೊಟ್ಟಣ.

ಪ್ಯಾಕನ್ನು ಫೋಮ್ ಆರ್ಮರ್‌ಗೆ ಅಂಟಿಸಲೇಬೇಡಿ. ಅಂಟು ಗಟ್ಟಿ ಇದ್ದರೂ ಅದರ ಪಕ್ಕದ ಫೋಮ್ ಹರಿಯುತ್ತದೆ. ಆರ್ಮರ್ ಒಳಗೆ, ಬಟ್ಟೆಯ ಮೇಲೆ, 9 ಮಿ.ಮೀ. ಪ್ಲೈವುಡ್ ಹಲಗೆ ಒಂದು ಬೇಕು. ಅದಕ್ಕೆ ಭುಜದ ಪಟ್ಟಿ, ಸೊಂಟದ ಪಟ್ಟಿ ಎರಡನ್ನೂ ಅಗಲ ವಾಷರ್ ಹಾಕಿ ಬೋಲ್ಟ್ ಮಾಡಿ. ಹಳೇ ಟ್ರೆಕ್ಕಿಂಗ್ ಬ್ಯಾಗ್ ಸಿಕ್ಕರೆ ಪಟ್ಟಿಗಳನ್ನು ಅದರಿಂದಲೇ ಬಿಚ್ಚಿಕೊಳ್ಳಿ. ಬ್ಯಾಗ್ ರಿಪೇರಿಯವರು ನವಾರು ಪಟ್ಟಿ, ಬಕಲ್ ಹಾಕಿ ಹೊಲಿದು ಕೊಡುತ್ತಾರೆ. ಸೊಂಟದ ಪಟ್ಟಿ ಬಿಡಬೇಡಿ. ಅದನ್ನು ಬಿಗಿ ಮಾಡಿದರೆ ಭಾರದ ಬಹುಪಾಲು ಸೊಂಟದ ಮೂಳೆಗೆ ಇಳಿಯುತ್ತದೆ.

ಹಲಗೆಗೂ ಪ್ಯಾಕ್‌ಗೂ ಸಂಬಂಧ ಕಟ್ಟುವುದಕ್ಕೆ ಗೋಡೆಗೆ ಅಲಮಾರು ತೂಗುಹಾಕುವ ಓರೆ ಪಟ್ಟಿ ಸಾಕು. ಫ್ರೆಂಚ್ ಕ್ಲೀಟ್ ಅಂತಾರೆ. 12 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿದರೆ ಎರಡು ಪಟ್ಟಿ. ಒಂದು ಹಲಗೆಗೆ, ಓರೆ ಅಂಚು ಮೇಲೆ, ಇಳಿಜಾರು ಬೆನ್ನಿನ ಕಡೆಗೆ. ಇನ್ನೊಂದು ಪ್ಯಾಕ್‌ಗೆ, ಓರೆ ಅಂಚು ಕೆಳಗೆ. ಮೇಲಿನಿಂದ ಇಳಿಸಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಭಾರ ಜಾಸ್ತಿ ಆದಷ್ಟೂ ಹಿಡಿತ ಬಿಗಿ. ಮಧ್ಯೆ ಆರ್ಮರ್‌ನ ಬೆನ್ನು 10 ಮಿ.ಮೀ. ಇರುವುದರಿಂದ ಅದರಲ್ಲಿ ಪಟ್ಟಿಯ ಆಕಾರದ ಕಿಂಡಿ ಕೊರೆದು, ಹಲಗೆ ಕಡೆಯ ಪಟ್ಟಿಯ ಹಿಂದೆ ಇನ್ನೊಂದು 12 ಮಿ.ಮೀ. ಪಟ್ಟಿ ಸೇರಿಸಿ ಎತ್ತರಿಸಬೇಕು. ಪ್ಯಾಕ್ ಒಳಗಿನಿಂದಲೂ ಸನ್‌ಬೋರ್ಡ್ ತುಂಡು ಇಟ್ಟು ಬೋಲ್ಟ್ ಹಾಕಿ, ಬರೀ ಫೋಮ್‌ಗೆ ಬೇಡ. ಮೆಟ್ಟಿಲು ಇಳಿಯುವಾಗ ಎಗರದಂತೆ ಕೆಳಗೆ ಒಂದು ವೆಲ್ಕ್ರೋ. ರೈಲಿನಲ್ಲೂ ಇದೇ ಅನುಕೂಲ: ಆರ್ಮರ್ ಬೇರೆ, ಪ್ಯಾಕ್ ಬೇರೆ, ಬೆಡ್‌ಶೀಟಿನಲ್ಲಿ ಸುತ್ತಿ ಮೇಲಿನ ರ‍್ಯಾಕ್‌ಗೆ.

ಕರೆಂಟು

ಹೆಲ್ಮೆಟ್ ಫ್ಯಾನು, ಪ್ಯಾಕ್‌ನ ಎಲ್‌ಇಡಿ ಎಲ್ಲ 5 ವೋಲ್ಟಿನದೇ ತಗೊಳ್ಳಿ, ಪವರ್ ಬ್ಯಾಂಕಿನಿಂದ ನೇರ ನಡೆಯುತ್ತವೆ. 10,000 ಎಂಎಎಚ್ ಅಂತ ಬರೆದದ್ದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 37 ವ್ಯಾಟ್-ಅವರ್. 5 ವೋಲ್ಟಿಗೆ ಏರಿಸಿದಾಗ 7,400, ನಷ್ಟ ಕಳೆದರೆ 6,300 ಆಸುಪಾಸು. ತಲಾ 150 ಮಿಲಿಆಂಪ್‌ನ ಎರಡು ಫ್ಯಾನು, 100ರ ಎಲ್‌ಇಡಿ ಸೇರಿ 400 ಆದರೆ ಸುಮಾರು 15 ಗಂಟೆ. 20,000ದ್ದು ಹೊರುವುದು ಸುಮ್ನೆ ಭಾರ.

ಬರೀ ಎಲ್‌ಇಡಿ ಹಾಕಿದಾಗ ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತಾ? ವೈರಿಂಗ್ ಬಿಚ್ಚಬೇಡಿ. ಎಳೆಯುವ ಕರೆಂಟು ತೀರಾ ಕಮ್ಮಿ ಇದ್ದರೆ ಎಷ್ಟೋ ಪವರ್ ಬ್ಯಾಂಕ್‌ಗಳು ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ನಿಂತುಬಿಡುತ್ತವೆ. ಫ್ಯಾನನ್ನೂ ಅದೇ ಬ್ಯಾಂಕಿಗೆ ಸೇರಿಸಿ ಸದಾ ಓಡಲು ಬಿಡಿ. ಇಲ್ಲವಾದರೆ 47 ಓಮ್, 1 ವ್ಯಾಟ್ ರೆಸಿಸ್ಟರ್ ಒಂದನ್ನು ಅಡ್ಡ ಹಾಕಿದರೆ 100 ಮಿಲಿಆಂಪ್ ಚಿಲ್ಲರೆ ಎಳೆಯುತ್ತದೆ. ಅದು ಬಿಸಿ ಆಗುತ್ತದೆ, ಫೋಮ್‌ಗೆ ತಾಗಿಸಬೇಡಿ.

ಉಳಿದದ್ದು

ಎಸ್‌ಆರ್ ಜಾತಿಯ ರಬ್ಬರ್ ಅಂಟನ್ನು ಎರಡೂ ಮುಖಕ್ಕೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಬೇಡ. ಬಣ್ಣಕ್ಕೆ ಮುಂಚೆ ಬಿಳಿ ಫೆವಿಕಾಲ್‌ಗೆ ನೀರು ಬೆರೆಸಿ ಮೂರ್ನಾಲ್ಕು ಕೋಟು ಹೊಡೆದರೆ ಫೋಮ್‌ನ ತೂತು ಮುಚ್ಚುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಪ್ಯಾಕ್ ಬಿಡಬೇಡಿ, ಕೂಡಿಕೆ ಬಾಯಿ ಬಿಡುತ್ತದೆ.

ಬಾಗಿಲು ಎಲ್ಲಿ ಇಡಬೇಕು ಅನ್ನುವುದಕ್ಕೆ ಚಿತ್ರವನ್ನೇ ನೋಡಿ. ಪ್ಯಾಕ್ ಮೇಲೆ ಗೆರೆ, ಸಂದು ಬೇಕಾದಷ್ಟು ಇರುತ್ತವೆ. ಅದರಲ್ಲೊಂದನ್ನೇ ನಿಜವಾದ ಸಂದು ಮಾಡಿ, ಒಳಗೆ ಮ್ಯಾಗ್ನೆಟ್ ಹಾಕಿ. ದೊಡ್ಡ ಬಾಗಿಲು ಹಿಂದುಗಡೆ, ಜೊತೆಯವರು ತೆಗೆಯಲಿ. ಕೆಳಗಡೆ ಬಲಮೂಲೆಯಲ್ಲಿ ಫೋನಿನಷ್ಟು ಅಗಲದ ಚಿಕ್ಕ ಬಾಗಿಲು ಬೇರೆ ಇರಲಿ. ಆರ್ಮರ್ ತೋಳು ಹಾಕಿಕೊಂಡರೂ ಕೈ ಅಲ್ಲಿಗೆ ಎಟಕುತ್ತದೆ, ರಟ್ಟಿನ ಮಾದರಿಯಲ್ಲೇ ಅದನ್ನು ನೋಡಿಕೊಳ್ಳಿ. ಗ್ಲೌಸ್ ಹಾಕಿಕೊಂಡೇ ನೋಡಿ.