ಪೆಟ್ಟಿಗೆಯೊಳಗೆ ಮಣ್ಣು ಅಲುಗಬಾರದು

ಹಲಸಿನ ಕಸಿ ಗಿಡವನ್ನು ಅಂಚೆಯಲ್ಲಿ ಕಳಿಸುತ್ತೇವೆ ಎಂದರೆ ಗಿರಾಕಿಗಳು ಮೊದಲು ಕೇಳುವುದು, ನೀರಿಲ್ಲದೆ ದಾರಿಯಲ್ಲೇ ಒಣಗುವುದಿಲ್ಲವೇ ಎಂದು. ನಮ್ಮ ನರ್ಸರಿಯ ಅನುಭವದಲ್ಲಿ ಒಣಗಿ ಸಾಯುವ ಗಿಡಗಳಿಗಿಂತ ಕೊಳೆತು ಅಥವಾ ಬೇರು ಹರಿದು ಸಾಯುವವೇ ಹೆಚ್ಚು. ಕತ್ತಲ ಪೆಟ್ಟಿಗೆಯಲ್ಲಿ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಎಲೆಯ ರಂಧ್ರಗಳು ಬಹುಪಾಲು ಮುಚ್ಚಿಕೊಂಡು ಗಿಡ ಕುಡಿಯುವ ನೀರು ತೀರಾ ಕಡಿಮೆಯಾಗುತ್ತದೆ. ಹೊರಡುವ ಹೊತ್ತಿಗೆ ಪ್ರೀತಿಯಿಂದ ಚೊಂಬು ಚೊಂಬು ನೀರು ಸುರಿದರೆ ಮಣ್ಣು ಕೆಸರಾಗಿ, ರಟ್ಟು ಮೆತ್ತಗಾಗಿ, ಎಲೆಗೆ ಬೂಷ್ಟು ಹಿಡಿಯುತ್ತದೆ. ಹಿಂದಿನ ಸಂಜೆ ನೀರು ಕೊಟ್ಟು ರಾತ್ರಿಯಿಡೀ ಬಸಿಯಲು ಬಿಡಿ. ಮುಷ್ಟಿಯಲ್ಲಿ ಹಿಂಡಿದರೆ ಮಣ್ಣು ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು.

ತಾಮ್ರದ ಬಣ್ಣದ ಎಳೆ ಚಿಗುರು ಹೊತ್ತ ಮಾವಿನ ಕಸಿಯನ್ನು ಯಾರು ಎಷ್ಟೇ ಅವಸರ ಮಾಡಿದರೂ ಕಳಿಸಬೇಡಿ. ಚಿಗುರು ಬಲಿತು ಹಸಿರಾಗಲಿ.

ನಿಜವಾದ ಕೆಲಸವಿರುವುದು ಬೇರನ್ನು ಹಿಡಿದಿರುವ ಮಣ್ಣಿನ ಹೆಂಟೆಯಲ್ಲಿ. ಅದು ಒಮ್ಮೆ ಬಿರುಕು ಬಿಟ್ಟಿತೆಂದರೆ ನೀರು ಹೀರುವ ಸಣ್ಣ ಬೇರುಗಳು ಹರಿದಂತೆಯೇ. ಗಿಡ ಕೈಸೇರಿದಾಗ ಹಸಿರಾಗಿಯೇ ಕಾಣುತ್ತದೆ, ನೆಟ್ಟ ಕೆಲವು ದಿನಗಳ ಮೇಲೆ ಬಾಡುತ್ತದೆ. ಬೈಗುಳ ಮಾತ್ರ ತಳಿಗೆ. ನಾವು ಗಿಡವಿರುವ ಚೀಲದ ಬಾಯಿಗೆ ತೇವದ ತೆಂಗಿನ ನಾರಿನ ಪುಡಿ ಒತ್ತಿ, ಮೇಲೆ ಪತ್ರಿಕೆಯ ಹಾಳೆ ಮಡಿಚಿಟ್ಟು, ಚೀಲದ ಅಂಚನ್ನು ಕಾಂಡದ ಬುಡಕ್ಕೆ ಎಳೆದು ಬಾಳೆ ನಾರಿನಿಂದ ಕಟ್ಟುತ್ತೇವೆ. ಅದರ ಸುತ್ತ ನೆನೆಸಿದ ಅಡಿಕೆ ಹಾಳೆ. ಒಣಗಿದ ಮೇಲೆ ಅದು ಹಲಗೆಯಂತೆ ಬಿಗಿದು ನಿಲ್ಲುತ್ತದೆ, ದುಡ್ಡಂತೂ ಬೇಕಿಲ್ಲ. ಗಿಡಕ್ಕಿಂತ ಎರಡು ಬೆರಳು ಎತ್ತರದ ಬಿದಿರ ಕಡ್ಡಿಯೊಂದನ್ನು ಜತೆಗೆ ಊರಿ, ಕಸಿಯ ಜೋಡಣೆಯ ಕೆಳಗೊಂದು, ಮೇಲೊಂದು ಕಟ್ಟು ಹಾಕಬೇಕು. ಜೋಡಣೆಯ ಮೇಲೆ ಮಾತ್ರ ದಾರ ಬೀಳಬಾರದು. ಡಬ್ಬ ಕುಸಿದರೂ ಮುಚ್ಚಳ ಮೊದಲು ತಾಗುವುದು ಕಡ್ಡಿಗೆ.

ಹೀಗೆ ಕಟ್ಟಿದ ಚೀಲವನ್ನು ಡಬ್ಬದ ತಳಕ್ಕೆ ದಾರ ಪೋಣಿಸಿ ಬಿಗಿಯಿರಿ. ಗಾಳಿಗೆ ಪಕ್ಕದಲ್ಲಿ ನಾಲ್ಕಾರು ತೂತು ಸಾಕು. ‘ಈ ಬದಿ ಮೇಲೆ’ ಎಂದು ಬಾಣ ಬರೆಯಿರಿ, ಆದರೆ ನಡುರಾತ್ರಿ ಮೂಟೆ ಇಳಿಸುವವನು ಅದನ್ನು ಓದುತ್ತಾನೆಂದು ನಂಬಬೇಡಿ. ಡಬ್ಬವನ್ನು ತಲೆಕೆಳಗಾಗಿಸಿ ಕುಲುಕಿ ನೋಡಿ. ಒಳಗೆ ಸದ್ದಾದರೆ ಬಿಚ್ಚಿ ಮತ್ತೆ ಕಟ್ಟಬೇಕು. ಸೋಮವಾರವೇ ರವಾನಿಸಿದರೆ ಭಾನುವಾರ ಗೋದಾಮಿನಲ್ಲಿ ಬೇಯುವುದು ತಪ್ಪುತ್ತದೆ.

ಬದನೆ, ಮೆಣಸಿನಕಾಯಿಯ ಸಸಿಗಳಿಗೆ ಇಷ್ಟೆಲ್ಲ ಬೇಡ. ಟ್ರೇಯಿಂದ ಬೇರಿನ ಮಣ್ಣಿನುಂಡೆ ಸಮೇತ ಎತ್ತಿ ತೇವದ ಕಾಗದದಲ್ಲಿ ಸುರುಳಿ ಸುತ್ತಿದರಾಯಿತು. ಕಾಳುಮೆಣಸಿನ ಬಳ್ಳಿಗೆ ಮಾತ್ರ ತೋಟದ ಮಣ್ಣು ತುಂಬಬೇಡಿ. ಸೊರಗು ರೋಗ ತರುವ ಸೂಕ್ಷ್ಮಾಣುವೂ ಬೇರು ತಿನ್ನುವ ಜಂತುಹುಳುವೂ ಅದೇ ಮಣ್ಣಿನಲ್ಲಿ ಪುಕ್ಕಟೆ ಪ್ರಯಾಣ ಮಾಡುತ್ತವೆ.

ಅಮೆರಿಕದಲ್ಲಿರುವ ಮಗಳಿಗೊಂದು ಕರಿಬೇವಿನ ಸಸಿ ಕಳಿಸಿ ಎಂಬ ಕೋರಿಕೆ ಆಗಾಗ ಬರುತ್ತದೆ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ ಗಿಡ. ನಿಂಬೆ, ಕಿತ್ತಳೆ ಗಿಡಗಳನ್ನು ಕಾಡುವ ಸಿಟ್ರಸ್ ಗ್ರೀನಿಂಗ್ ರೋಗ ಹರಡುವ ಸಿಲಿಡ್ ಎಂಬ ಪುಟ್ಟ ಕೀಟಕ್ಕೆ ಅದು ಅಚ್ಚುಮೆಚ್ಚು. 2005ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿದೆ. ಅಮೆರಿಕಕ್ಕೆ ಕರಿಬೇವಿನ ಗಿಡ ತರಿಸುವುದಕ್ಕೆ ನಿಷೇಧವಿದೆ. ಎಷ್ಟು ಚೆನ್ನಾಗಿ ಕಟ್ಟಿದರೂ ನಾವು ಕಳಿಸುವುದಿಲ್ಲ.