ಹಾಲು ಕುಡಿಯೋ ಕೋಬೋಲ್ಡ್, ವಿಷ ಉಗುಳೋ ಕೋಬೋಲ್ಡ್

ಉತ್ತರ ಜರ್ಮನಿಯ ಆಲರ್ ನದಿ ಹತ್ರ ಹುಡೆಮ್ಯೂಲೆನ್ ಅಂತ ಒಂದು ಹಳೇ ಕೋಟೆಮನೆ ಇತ್ತು. 1584ರಿಂದ 1588ರವರೆಗೆ ಅಲ್ಲಿ ಹಿಂಟ್ಸೆಲ್ಮನ್ ಅನ್ನೋ ಕೋಬೋಲ್ಡ್ ಇದ್ನಂತೆ. ಕೋಬೋಲ್ಡ್ ಅಂದ್ರೆ ಮನೆಯೊಳಗೇ ಇದ್ದು ಕಣ್ಣಿಗೆ ಬೀಳದೆ ಕೆಲಸ ಮಾಡ್ಕೊಡೋ ಪುಟ್ಟ ಭೂತ, ರೇಗಿಸಿದ್ರೆ ಮಾತ್ರ ಕಾಟ. ಇವನಿಗೆ ಮಹಡಿಯಲ್ಲಿ ಸ್ವಂತ ರೂಮು, ಅಲ್ಲೊಂದು ಟೇಬಲ್ಲು, ಹುಲ್ಲು ಹೆಣೆದ ಕುರ್ಚಿ, ಮಂಚ. ದಿನಾ ಒಂದು ಬಟ್ಟಲು ತಾಜಾ ಹಾಲಿಗೆ ಬಿಳೀ ಬ್ರೆಡ್ ಚೂರು ಹಾಕಿ ಇಡಬೇಕು, ಆಮೇಲೆ ನೋಡಿದ್ರೆ ಬಟ್ಟಲು ಖಾಲಿ. ಹಾಸಿಗೆ ಮೇಲೆ ಮಾತ್ರ ಬೆಕ್ಕು ಮಲಗಿದ್ದಷ್ಟೇ ಚಿಕ್ಕ ಗುಳಿ ಕಾಣ್ತಿತ್ತಂತೆ. (ಬೆಕ್ಕೇ ಮಲಗಿತ್ತು ಅಂದ್ಕೊಂಡ್ರೆ ಹಾಲಿನ ಲೆಕ್ಕವೂ ಸರಿಹೋಗುತ್ತೆ, ಆದ್ರೆ ಕಥೆ ಕೆಟ್ಟೋಗುತ್ತೆ.) ಇದನ್ನೆಲ್ಲ ಬರೆದಿಟ್ಟವರು ಫೆಲ್ಡ್‌ಮನ್ ಅನ್ನೋ ಪಾದ್ರಿ, ಪುಸ್ತಕ 1704ರಲ್ಲಿ ಅಚ್ಚಾಯ್ತು, ಮುಂದೆ ಗ್ರಿಮ್ ಸೋದರರು ಈ ಕಥೆನ ತಮ್ಮ ಐತಿಹ್ಯಗಳ ಸಂಗ್ರಹಕ್ಕೆ ಸೇರಿಸ್ಕೊಂಡ್ರು.

ನನಗೆ ಇಂಟರೆಸ್ಟಿಂಗ್ ಅನ್ಸೋದು ಆ ಹಾಲಿಗೆ ಬದಲಾಗಿ ಅವನು ಏನು ಮಾಡ್ತಿದ್ದ ಅನ್ನೋದು. ಪಾತ್ರೆ ತೊಳೀತಿದ್ದ, ಕುದುರೆ ಮೈ ಉಜ್ತಿದ್ದ, ಜೊತೆಗೆ ಸೋಮಾರಿ ಆಳುಗಳನ್ನ ಕೋಲು ಹಿಡ್ಕೊಂಡು ಎಬ್ಬಿಸ್ತಿದ್ದ. ಅಂದ್ರೆ ಯಜಮಾನನಿಗೆ ಸಂಬಳ ಕೇಳದ ಒಬ್ಬ ಮೇಸ್ತ್ರಿ ಸಿಕ್ಕಂಗಾಯ್ತು! ಆದ್ರೆ ಆಳುಗಳು ಹೇಳೋ ಕಥೆಲಿ ಇದೇ ಭೂತ ಅವರ ಪರ ನಿಂತಿರುತ್ತೆ ಅಥವಾ ಅವರ ಥರಾನೇ ಅವಮಾನ ಸಹಿಸಿರುತ್ತೆ. ಹಿಲ್ಡೆಸ್‌ಹೈಮ್‌ನ ಬಿಷಪ್ಪನ ಅಡುಗೆಮನೆಲಿ ಹ್ಯೋಡೆಕೆನ್ ಅಂತ ಒಬ್ಬ ಇದ್ದ, ತಲೆ ಮೇಲೆ ಯಾವಾಗಲೂ ಟೋಪಿ. ಅಡುಗೆ ಹುಡುಗ ಒಬ್ಬ ಅವನನ್ನ ಬೈದು ಬೈದು ಕೊನೆಗೆ ಕೊಳಕು ನೀರು ಎರಚ್ತಿದ್ದ, ಹ್ಯೋಡೆಕೆನ್ ಹೋಗಿ ಮುಖ್ಯ ಬಾಣಸಿಗನಿಗೆ ದೂರು ಕೊಟ್ಟ, ಅವನು ನಕ್ಕು ಸುಮ್ಮನಾದ, ಅದಾದ್ಮೇಲೆ ಹುಡುಗ ಮಲಗಿದ್ದಾಗ ಹ್ಯೋಡೆಕೆನ್ ಅವನ ಕತ್ತು ಹಿಸುಕಿ ತುಂಡು ಮಾಡಿ ಒಲೆ ಮೇಲೆ ಇಟ್ಟ. ಮಕ್ಕಳ ಕಥೆ ಅಂತೂ ಅಲ್ಲ ಇದು. ಆದ್ರೆ ಗಮನಿಸಿ, ಕೊಲೆಗೆ ಮುಂಚೆ ಅವನು ಮೇಲಿನವರ ಹತ್ರ ನ್ಯಾಯ ಕೇಳಿದ್ದ.

ಹಂಗಾಗಿ ಭೂತನ ಖುಷಿಯಾಗಿಡೋ ನಿಯಮಗಳನ್ನ ಪೂಜೆ ಅನ್ನೋದಕ್ಕಿಂತ ಕೂಲಿಯ ಕರಾರು ಅನ್ನೋದೇ ವಾಸಿ ಅಂತ ನನಗನ್ಸುತ್ತೆ. ಹೊತ್ತಿಗೆ ಸರಿಯಾಗಿ ಊಟ ಇಡು. ಆಡಿಕೊಂಡು ನಗಬೇಡ. ಕದ್ದು ನೋಡಬೇಡ. ಡೆನ್ಮಾರ್ಕ್ ಗಡಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಕಡೆ ನಿಸ್ ಪುಕ್ ಅನ್ನೋನಿಗೆ ಗಂಜಿ ಕೊಟ್ರೆ ಸಾಲದು, ಮೇಲೆ ಬೆಣ್ಣೆ ಮುದ್ದೆ ಇರ್ಲೇಬೇಕು. ಕದ್ದು ನೋಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಕಲೋನ್ ಊರಿನ ಕಥೆ ಇದೆ. ಅಲ್ಲಿ ಹೈನ್ಸೆಲ್‌ಮೆನ್‌ಶೆನ್ ಅನ್ನೋ ಕುಳ್ಳರು ರಾತ್ರೋರಾತ್ರಿ ಬಡಗಿ, ಬೇಕರಿ, ದರ್ಜಿ ಎಲ್ಲರ ಕೆಲಸನೂ ಮುಗಿಸ್ತಿದ್ರಂತೆ, ದರ್ಜಿ ಹೆಂಡ್ತಿಗೆ ಕುತೂಹಲ ತಡೀಲಿಲ್ಲ, ಮೆಟ್ಟಿಲ ಮೇಲೆ ಒಣ ಬಟಾಣಿ ಚೆಲ್ಲಿದ್ಲು, ಜಾರಿ ಬಿದ್ದ ಕುಳ್ಳರು ಊರೇ ಬಿಟ್ಟು ಹೋದ್ರು. 1836ರ ಒಂದು ಪದ್ಯದಿಂದ ಈ ಕಥೆ ಮನೆಮಾತಾಯ್ತು, ಕಲೋನ್ ಕ್ಯಾಥೆಡ್ರಲ್ ಹತ್ರ ಅವರ ಹೆಸರಲ್ಲೊಂದು ಕಾರಂಜಿನೂ ಇದೆ.

ಇದೇ ಜಾತಿಯ ಭೂತಗಳು ಗಣಿಯೊಳಗೂ ಇದ್ವು, ಆದ್ರೆ ಅಲ್ಲಿ ಹಾಲು ಬ್ರೆಡ್ಡಿನ ಆಟ ನಡೀಲಿಲ್ಲ. ಸ್ಯಾಕ್ಸನಿಯ ಶ್ನೀಬೆರ್ಗ್ ಸುತ್ತಮುತ್ತ ಬೆಳ್ಳಿ ತೆಗೆಯೋರಿಗೆ ನೋಡೋಕೆ ಬೆಳ್ಳಿ ಅದಿರಿನ ಥರಾನೇ ಹೊಳೆಯೋ ಒಂದು ಅದಿರು ಸಿಗ್ತಿತ್ತು, ಕುಲುಮೆಗೆ ಹಾಕಿದ್ರೆ ಬೆಳ್ಳಿ ಬರಲ್ಲ, ಬದಲಿಗೆ ಬಿಳೀ ವಿಷದ ಹೊಗೆ. ಕೋಬೋಲ್ಡ್ ಬೆಳ್ಳಿ ಕದ್ದು ಈ ಕಸ ಇಟ್ಟು ಹೋಗಿದಾನೆ ಅಂತ ಬೈಕೊಂಡು ಅದಿರಿಗೂ ಅದೇ ಹೆಸರು ಇಟ್ರು. ಆ ಅದಿರಲ್ಲಿ ಕೋಬಾಲ್ಟ್ ಜೊತೆಗೆ ಆರ್ಸೆನಿಕ್ ಇರುತ್ತೆ, ಕಾಯಿಸಿದಾಗ ಆರ್ಸೆನಿಕ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ಆಕ್ಸೈಡ್ ಆಗಿ ಹೊಗೆಯಾಗಿ ಏಳುತ್ತೆ, ಕದ್ದವರು ಯಾರೂ ಇಲ್ಲ. ಇದರಿಂದ ಗಾಜಿಗೆ ಬರೋ ನೀಲಿ ಬಣ್ಣಕ್ಕೆ ಕಾರಣ ಒಂದು ಹೊಸ ಲೋಹ ಅಂತ ಸ್ವೀಡನ್ನಿನ ಗಿಯೋರ್ಗ್ ಬ್ರಾಂಟ್ 1730ರ ದಶಕದಲ್ಲಿ ತೋರಿಸಿದ. ಈಗ ನಮ್ಮ ಎಷ್ಟೋ ಫೋನ್ ಬ್ಯಾಟರಿಗಳಲ್ಲಿ ಕೂತಿರೋದು ಅದೇ ಕೋಬಾಲ್ಟ್.

ಗಣಿ ಊರುಗಳಲ್ಲಿ ವೈದ್ಯನಾಗಿದ್ದ ಗಿಯೋರ್ಗಿಯುಸ್ ಅಗ್ರಿಕೋಲ 1549ರಲ್ಲಿ ಈ ಭೂತಗಳ ಬಗ್ಗೆ ಬರೆದಿದಾನೆ. ಸಾಧು ಜಾತಿಯವು ಗಣಿ ಕೆಲಸಗಾರರ ಥರ ಡ್ರೆಸ್ ಮಾಡ್ಕೊಂಡ ಮುದುಕರಂತೆ, ಬಿಡುವೇ ಇಲ್ಲದೆ ದುಡಿಯೋ ಹಾಗೆ ನಟಿಸ್ತವೆ, ಆದ್ರೆ ಒಂದು ಕೆಲಸನೂ ಮುಗಿಸಲ್ಲ (ಇಂಥವರು ಯಾವ ಆಫೀಸಲ್ಲಿಲ್ಲ ಹೇಳಿ!). ಕೆಟ್ಟ ಜಾತಿಯ ಒಂದು ಮಾತ್ರ ಅನ್ನಾಬೆರ್ಗ್‌ನ ರೋಜೆನ್‌ಕ್ರಾನ್ಸ್ ಗಣಿಯಲ್ಲಿ ಬರೀ ಉಸಿರಿಂದ 12ಕ್ಕೂ ಹೆಚ್ಚು ಜನರನ್ನ ಕೊಂದಿತಂತೆ. ಉಸಿರಿಂದ ಸಾಯೋದು ಅಂದ್ರೆ ಇವತ್ತು ಯಾರಿಗಾದ್ರೂ ಮೊದಲು ಹೊಳೆಯೋದು ಕೆಟ್ಟ ಗಾಳಿ. ಶ್ನೀಬೆರ್ಗ್ ಕಾರ್ಮಿಕರನ್ನ ಶತಮಾನಗಳ ಕಾಲ ಕೊಂದ ಶ್ವಾಸಕೋಶದ ಕಾಯಿಲೆ ಕ್ಯಾನ್ಸರ್ ಅಂತ ಇಬ್ಬರು ಡಾಕ್ಟರುಗಳು ಗುರುತಿಸಿದ್ದು 1879ರಲ್ಲಿ, ಮುಖ್ಯ ಕಾರಣ ಯುರೇನಿಯಂ ಇರೋ ಬಂಡೆಯಿಂದ ಹೊರಬರೋ ರೇಡಾನ್ ಅನಿಲ ಅಂತ ಗೊತ್ತಾಗಿದ್ದು ಇನ್ನೂ ಆಮೇಲೆ.

ಅಗ್ರಿಕೋಲನ ದೊಡ್ಡ ಗಣಿ ಪುಸ್ತಕ ಬಂದಿದ್ದು 1556ರಲ್ಲಿ. ಅದರ ಆರನೇ ಭಾಗದಲ್ಲಿ ಗಣಿಯೊಳಗೆ ಗಾಳಿ ತಳ್ಳೋ ತಿದಿಗಳು, ತಿರುಗೋ ಫ್ಯಾನುಗಳು ಹೇಗಿರಬೇಕು ಅಂತ ಚಿತ್ರ ಸಮೇತ ವಿವರಿಸಿದಾನೆ. ಅದೇ ಭಾಗದ ಕೊನೆಲಿ ಭೂತಗಳ ಮಾತೂ ಬರುತ್ತೆ, ಅವನ್ನ ಓಡಿಸೋಕೆ ಪ್ರಾರ್ಥನೆ ಮತ್ತು ಉಪವಾಸ ಮಾಡಿ ಅಂತಾನೆ.