ಒಂದೇ ಹನಿಯ ಬೆನ್ನು ಹತ್ತಿದ ಸನ್ಯಾಸಿ

ಮಧ್ಯಯುಗದ ಕ್ರೈಸ್ತ ಪಂಡಿತರು ಅರಿಸ್ಟಾಟಲನ ಸಾಲುಗಳಿಗೆ ಟೀಕೆ ಬರೆದುಕೊಂಡಿದ್ದವರು, ಕೈಯಿಂದ ಏನನ್ನೂ ಮಾಡಿ ನೋಡದವರು ಎಂಬ ಮಾತನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜರ್ಮನಿಯ ಫ್ರೈಬರ್ಗಿನ ಡೀಟ್ರಿಖ್ ಅಂಥ ಪಂಡಿತನೇ. ಡೊಮಿನಿಕನ್ ಸನ್ಯಾಸಿ, ಪ್ಯಾರಿಸ್ಸಿನಲ್ಲಿ ಪಾಠ ಹೇಳಿದವನು, ಬುದ್ಧಿ ಮತ್ತು ಇರುವಿಕೆಗಳ ಬಗ್ಗೆ ಕಠಿಣ ಗ್ರಂಥಗಳನ್ನು ಬರೆದವನು. ಅವನೇ 1310ರ ಆಸುಪಾಸಿನಲ್ಲಿ ಕಾಮನಬಿಲ್ಲಿನ ಗುಟ್ಟು ತಿಳಿಯಲು ಗಾಜಿನ ಗೋಳದಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದ.

ಕಾಮನಬಿಲ್ಲನ್ನು ಮೂಡಿಸುವ ಕನ್ನಡಿ ಮೋಡವೇ ಎಂದು ಅರಿಸ್ಟಾಟಲ್ ಭಾವಿಸಿದ್ದ. ನೀರು ತುಂಬಿದ ಗೋಳವನ್ನು ಕಂಡ ಇತರರು ಅದನ್ನು ಪುಟ್ಟ ಮೋಡವೆಂದುಕೊಂಡರು. ಡೀಟ್ರಿಖ್ ಅದರಲ್ಲಿ ಹಿಗ್ಗಿದ ಹನಿಯೊಂದನ್ನು ಕಂಡ. ಎಲ್ಲವೂ ಅಲ್ಲಿಂದ ಬಿಚ್ಚಿಕೊಂಡಿತು: ಕಿರಣ ಹನಿಯ ಮೇಲ್ಭಾಗದಲ್ಲಿ ಬಾಗಿ ಒಳಹೊಕ್ಕು, ಹಿಂಗೋಡೆಗೆ ತಾಗಿ ಮರಳಿ, ಕೆಳಗೆ ಮತ್ತೆ ಬಾಗಿ ಹೊರಬರುತ್ತದೆ. ಒಳಗೆ ಎರಡು ಬಾರಿ ಪ್ರತಿಫಲಿಸಿದರೆ ಹೊರಗಿನ ಮಸುಕಾದ ಎರಡನೆಯ ಬಿಲ್ಲು, ಬಣ್ಣಗಳು ತಿರುವುಮುರುವು.

ಇನ್ನೂ ಸೊಗಸಾದ ಸಂಗತಿ, ಒಂದು ಹನಿ ಒಂದು ಕಣ್ಣಿಗೆ ಒಂದು ಗಳಿಗೆಯಲ್ಲಿ ಒಂದೇ ಬಣ್ಣ ಕೊಡುತ್ತದೆ. ಅಜ್ಜಿಯ ವಜ್ರದ ಮೂಗುತಿ ಮುಖ ತಿರುಗಿದಂತೆ ಒಮ್ಮೆ ಕೆಂಪು, ಒಮ್ಮೆ ಹಸಿರು ಹೊಳೆಯುವುದಿಲ್ಲವೇ, ಹಾಗೆ. ಬೀಳುವ ಹನಿ ಮೊದಲು ಕೆಂಪು, ಆಮೇಲೆ ಹಳದಿ, ಹಸಿರು, ನೀಲಿ ಕೊಟ್ಟು ಜಾಗ ಬಿಡುತ್ತದೆ. ಮೇಲಿನಿಂದ ಬಂದದ್ದು ಆ ಜಾಗ ತುಂಬುತ್ತದೆ. ಹೊಳೆಯ ನೀರು ಹರಿದುಹೋಗುತ್ತಿದ್ದರೂ ಸುಳಿ ಅಲ್ಲೇ ಇರುವಂತೆ, ಹನಿಗಳು ಬದಲಾದರೂ ಕಾಮನಬಿಲ್ಲು ಕದಲುವುದಿಲ್ಲ.

ಅವನು ಎಡವಿದ್ದೂ ಉಂಟು. ಸೂರ್ಯ ಮತ್ತು ಹನಿಗಳು ನೋಡುಗನಿಂದ ಒಂದೇ ದೂರದಲ್ಲಿವೆ ಎಂದು ಚಿತ್ರ ಬರೆದ. ಬಿಲ್ಲಿನ ಎತ್ತರವನ್ನು 42 ಡಿಗ್ರಿಯ ಬದಲು 22 ಎಂದ. ಇಂಗ್ಲೆಂಡಿನ ಪಂಡಿತ ರೋಜರ್ ಬೇಕನ್ ಆಗಲೇ 42 ಎಂದು ಅಳೆದಿದ್ದ. ಆದರೂ ಕಿರಣದ ದಾರಿ ಸರಿಯಾಗಿಯೇ ಇತ್ತು. ಅದೇ ಕಾಲಕ್ಕೆ ಪರ್ಷಿಯಾದಲ್ಲಿ ಕಮಾಲುದ್ದೀನ್ ಅಲ್‌ಫಾರಿಸಿ, ಇವನ ಸುಳಿವೇ ಇಲ್ಲದೆ, ನೀರಿನ ಗೋಳದಿಂದಲೇ ಅದೇ ದಾರಿಯನ್ನು ಕಂಡುಕೊಂಡ. ಇಬ್ಬರ ಹಿಂದೆಯೂ ಇದ್ದದ್ದು ಹಿಂದಿನ ಅರಬ್ ವಿಜ್ಞಾನಿ ಇಬ್ನ್ ಅಲ್‌ಹೈತಮನ ದೃಗ್ವಿಜ್ಞಾನ, ಅಂದರೆ ಬೆಳಕು ಮತ್ತು ನೋಟದ ಶಾಸ್ತ್ರ. 1637ರಲ್ಲಿ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಇದೇ ವಿವರಣೆಯನ್ನು ಗಣಿತ ಸಮೇತ ಪ್ರಕಟಿಸಿ ಹೆಸರು ಪಡೆದ. ಡೀಟ್ರಿಖ್‌ನ ಹಸ್ತಪ್ರತಿಯತ್ತ ಇಟಲಿಯ ವೆಂಟೂರಿ ಲೋಕದ ಗಮನ ಸೆಳೆದದ್ದು 1814ರಲ್ಲಿ.

ಮೊನ್ನೆ ಬೆಳಗಿನ ಎಳೆಬಿಸಿಲಲ್ಲಿ ದುಂಡನೆಯ ಗಾಜಿನ ಬುರುಡೆಗೆ ನೀರು ತುಂಬಿ ತಾರಸಿಯ ಬಟ್ಟೆಹಗ್ಗಕ್ಕೆ ಕಟ್ಟಿದೆ. ಸೂರ್ಯನಿಗೆ ಬೆನ್ನುಮಾಡಿ ಕುಕ್ಕರಗಾಲಿನಿಂದ ಮೆಲ್ಲಗೆ ಎದ್ದೆ. ಮೊದಲು ಏನೂ ಇಲ್ಲ. ಒಮ್ಮೆಲೇ ಗಾಜಿನ ಬುಡದ ಅಂಚಿನಲ್ಲಿ ಕೆಂಡದಂಥ ಕೆಂಪು! ಇನ್ನೊಂದಿಷ್ಟು ಎದ್ದರೆ ಹಳದಿ, ಹಸಿರು. ಪಕ್ಕದಲ್ಲೇ ನಿಂತಿದ್ದ ಮಗಳು, "ಎಲ್ಲಪ್ಪಾ, ನನಗೆ ಬಣ್ಣವೇ ಇಲ್ಲ" ಎಂದಳು. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ. ಅವಳಿಗೂ ಕೆಂಪು ಸಿಕ್ಕಿತು.